ಹದಿನಾರನೇ ಅಕ್ಷರ

2003ರ ಒಂದು ಸೋಮವಾರ, ತುಮಕೂರಿನ ಉಪ್ಪಾರಹಳ್ಳಿಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಲಕ್ಷ್ಮೀಕಾಂತ್ ಮೇಷ್ಟರು ತಾವೇ ಬರೆದ ಪ್ರೋಗ್ರಾಮನ್ನು ಆಡಳಿತ ಮಂಡಳಿಗೆ ತೋರಿಸಲು ಎಂಟರ್ ಒತ್ತಿದರು. ಗುಬ್ಬಿ, ಕುಣಿಗಲ್ ಶಾಖೆಗಳ ಸಂಪರ್ಕ ಸಲೀಸಾಗಿ ಬಂತು. ಮೂರನೆಯದು ಹೊಸ ಕಟ್ಟಡದ್ದು. ದುಡ್ಡು ಕೊಟ್ಟವರ ಹೆಸರನ್ನು ಬೆಂಚು, ಫ್ಯಾನಿನ ರೆಕ್ಕೆಗಳ ಮೇಲೂ ಬರೆಸುವ ಪದ್ಧತಿಯಂತೆ ಆ ಸಂಪರ್ಕಕ್ಕೂ ಕಾರ್ಯದರ್ಶಿ ಮೂಡಲಗಿರಿಯಪ್ಪನವರ ಹೆಸರನ್ನೇ ಇಟ್ಟಿದ್ದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂದ ಉತ್ತರದ ಅರ್ಥ: ಮೂಡಲಗಿರಿಯಪ್ಪ, ಅಂಥದ್ದು ಯಾವುದೂ ಇಲ್ಲ.

ಮೂಡಲಗಿರಿಯಪ್ಪನವರು ಮುಂದಿನ ಸಾಲಿನಲ್ಲೇ ಕೂತಿದ್ದರು.

ಮೇಷ್ಟರು ಅವರತ್ತ ತಿರುಗಿದರು. ಬಾಯಿಗೆ ಬಂದದ್ದು ಒಂದೇ: "ನಾಗಭೂಷಣ್ ಕೇಬಲ್ ಸರಿಯಾಗಿ ಹಾಕಿಲ್ಲ ಅನ್ಸುತ್ತೆ ಸಾರ್."

"ಹಂಗಾದ್ರೆ ಅವ್ನ ಕೆಲ್ಸದ ಆರ್ಡರ್ ಮುಂದುವರಿಸೋದು ಬ್ಯಾಡ ಬುಡಿ," ಎಂದರು ಕಾರ್ಯದರ್ಶಿ.

ನಾಗಭೂಷಣ್ ಬೆಳ್ಳಾವಿಯವನು, ಲ್ಯಾಬಿನ ತಾತ್ಕಾಲಿಕ ಸಹಾಯಕ. ಅದಕ್ಕೂ ಮುಂಚೆ ಹತ್ತು ವರ್ಷ ಗುಬ್ಬಿಯಲ್ಲಿ ಬಸ್ಸುಗಳಿಗೆ ಬೋರ್ಡು ಬರೆದವನು. ಕೋರ ಎಂಬ ಎರಡಕ್ಷರದ ಊರೇ ಇರಲಿ, ತಗಡು ಅಳೆಯದೆ ಕುಂಚ ಅದ್ದಿದವನಲ್ಲ. ಎಂ.ಎಸ್ಸಿ. ಮಾಡಿದ್ದ ಮೇಷ್ಟರಿಗೆ ಆ ಅಭ್ಯಾಸ ಇರಲಿಲ್ಲ. ನಾಗಭೂಷಣ್ ಎರಡು ದಿನ ಪ್ರೋಗ್ರಾಮಿನ ಕಡತಗಳನ್ನು ಓದಿ ಬುಧವಾರ ಮೇಷ್ಟರ ಬಳಿ ಬಂದ.

"ಸಾರ್, ನಿಮ್ಮ ಪ್ರೋಗ್ರಾಮಲ್ಲಿ ಹೆಸರಿಗೆ ಎಷ್ಟು ಜಾಗ ಬಿಟ್ಟಿದೀರಾ?"

"ಹದಿನಾರು ಇಂಗ್ಲಿಷ್ ಅಕ್ಷರ. ಕರ್ನಲ್ಲೂ ಅಷ್ಟೇ ಕಣಯ್ಯ."

"ಕರ್ನಲ್ಲಲ್ಲಿ ಕೊನೇದು ಹೆಸರು ಮುಗೀತು ಅನ್ನೋ ಗುರುತಿಗೆ ಸಾರ್. ಉಳಿಯೋದು ಹದಿನೈದು. ಸೆಕ್ರೆಟರಿಯೋರು ಇಂಗ್ಲಿಷಲ್ಲಿ ಎರಡು 'ಓ' ಸೇರಿ ಹದಿನಾರು ಇದಾರೆ."

ಕರ್ನಲ್ ಎಂದರೆ ಯಂತ್ರದೊಳಗೆ ಎಲ್ಲರಿಗೂ ಜಾಗ, ಕೆಲಸ ಹಂಚುವ ಮೂಲ ತಂತ್ರಾಂಶ. ಅದರ ಬಳಿ ಕಾರ್ಯದರ್ಶಿಯವರ ಕೊನೆಯ ಅಕ್ಷರ ಕತ್ತರಿಸಿದ ಹೆಸರಿತ್ತು. ಮೇಷ್ಟರ ಪ್ರೋಗ್ರಾಮು ಪೂರ್ತಿ ಹೆಸರು ಹಿಡಿದು ಹುಡುಕಿದರೆ ಸಿಗುವುದೆಲ್ಲಿ? ಪ್ರೋಗ್ರಾಮಿನ ಮಿತಿಯನ್ನು ಕರ್ನಲ್ಲಿನದಕ್ಕೇ ಸರಿಹೊಂದಿಸಿ, ಸಂಪರ್ಕಕ್ಕೆ ಬಡಾವಣೆಯ ಹೆಸರಿಟ್ಟರು. ಬಂತು.

ಮೇಷ್ಟರು ಅವನನ್ನು ಕರೆದುಕೊಂಡು ಕಾರ್ಯದರ್ಶಿಯವರಲ್ಲಿಗೆ ಹೋದರು. "ಕೇಬಲ್ ಸರಿ ಇತ್ತು ಸಾರ್. ತಪ್ಪು ನಂದು," ಎಂದರು. ಅಷ್ಟು ಚಿಕ್ಕ ವಾಕ್ಯವನ್ನು ಅವರು ಆವರೆಗೆ ಪಾಠದಲ್ಲೂ ಹೇಳಿರಲಿಲ್ಲ.

ವಿಷಯವನ್ನೆಲ್ಲ ಕೇಳಿದ ಕಾರ್ಯದರ್ಶಿ ಮೇಷ್ಟರನ್ನು ಬಿಟ್ಟು ನಾಗಭೂಷಣನ ಕಡೆ ತಿರುಗಿದರು.

"ಅಲ್ಲಯ್ಯ, ಒಂದೇ ಒಂದು ಅಕ್ಷರ. ಆ ಕರ್ನಲ್ಲಲ್ಲೇ ಜಾಗ ಜಾಸ್ತಿ ಮಾಡೋಕಾಗಲ್ವಾ?"

"ಆಗ್ತದೆ ಸಾರ್. ಕರ್ನಲ್ಲು, ಅದರ ಜೊತೆ ಮಾತಾಡೋ ಪ್ರೋಗ್ರಾಮು, ಎಲ್ಲಾ ಮತ್ತೆ ಕಟ್ಬೇಕು. ನನ್ನ ಆರ್ಡರ್ ಇರೋದು ಶನಿವಾರದವರೆಗೆ."