ಎಮ್ಮೆಯ ಪಾಲಿನ ತವುಡು

ಐವತ್ತರ ದಶಕದ ಕೊನೆಗೆ ಯಲಹಂಕದಲ್ಲಿ ಅಕ್ಕಿ ಮಿಲ್ಲು ಬಂದದ್ದೇ ತಡ, ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಅತ್ತೆಯ ಗತ್ತೇ ಬದಲಾಯಿತು. ರಾಗಿಮುದ್ದೆ ಆಳುಗಳಿಗೆ, ತವುಡು ಎಮ್ಮೆಗೆ, ಬೆಳ್ಳಗಿನ ಅನ್ನ ನಮಗೆ. ವರ್ಷ ತುಂಬುವಷ್ಟರಲ್ಲಿ ನನ್ನ ಬಾಯೆಲ್ಲ ಹುಣ್ಣು, ಉಂಡದ್ದು ಅರಗುತ್ತಿರಲಿಲ್ಲ. ಎಮ್ಮೆ ಮಾತ್ರ ಮಿರಮಿರ ಮಿಂಚುತ್ತಿತ್ತು.

ಡಾಕ್ಟರು ಬಿ ವಿಟಮಿನ್ ಮಾತ್ರೆ ಕೊಟ್ಟರು. "ಇದರಲ್ಲೇನಿದೆ ಸ್ವಾಮಿ?" ಎಂದೆ.

"ನಿಮ್ಮ ಎಮ್ಮೆ ತಿನ್ನೋ ತವುಡಲ್ಲಿ ಇರೋದೇ ಕಣಮ್ಮ," ಎಂದು ನಕ್ಕರು.

ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಮಾತ್ರೆ ಮುಗಿದರೂ ಹುಣ್ಣು ಪೂರ್ತಿ ಆರಿರಲಿಲ್ಲ; ಮರುದಿನವೇ ಹೊಸ ತವುಡನ್ನು ಜರಡಿ ಹಿಡಿದು, ಹುರಿದು, ಬೆಲ್ಲ ಬೆರೆಸಿ ಉಂಡೆ ಕಟ್ಟಿದೆ.

"ಎಮ್ಮೆ ತಿನ್ನೋದ್ನ ಸೊಸೆ ತಿಂತಾಳೆ ಅಂತ ಊರೋರ್ಗೆ ಎಂಗೆ ಏಳ್ಲಿ?" ಎಂದು ಅತ್ತೆ ಕೂಗಾಡಿದರು. ನಾನು ಅವರೆದುರೇ ಕೂತು ತಿಂದೆ, ದಿನವೂ ತಿಂದೆ. ಅನ್ನ ಬಿಟ್ಟು ಆಳುಗಳ ಜೊತೆ ಮುದ್ದೆಗೂ ಕೂತೆ. ತಿಂಗಳಲ್ಲಿ ಹುಣ್ಣು ಮಾಯವಾಯಿತು, ಹೊಟ್ಟೆ ಹಗುರಾಯಿತು, ಒಂದು ಮುದ್ದೆ ಸಾಲದಾಯಿತು.

ಒಂದು ಬೆಳಿಗ್ಗೆ ಅತ್ತೆ ಕೊಟ್ಟಿಗೆಯ ಮರೆಯಲ್ಲಿ ನಿಂತು ಮೆಲ್ಲಗೆ ಕೈಚಾಚಿದರು. "ನಂಗೂ ವರ್ಸದಿಂದ ಅರಗ್ತಿಲ್ಲ ಕಣಮ್ಮಿ. ಒಂದುಂಡೆ ಕೊಡು."

ಎರಡು ಕೊಟ್ಟೆ. ಆದರೆ ಊರಿಗೆಲ್ಲ ಕಾಣುವಂತೆ, ಬೀದಿಬಾಗಿಲ ಜಗಲಿಯ ಮೇಲೆ ಕೂರಿಸಿ.