ಹಲ್ಲಿನ ಗುರುತಿದ್ದ ಸ್ಕ್ರೂಡ್ರೈವರ್

ಗುಜರಿಯವನು ನಮ್ಮ ಹಳೇ ವ್ಯಾನಿನ ಸೀಟು ಎತ್ತಿದ ಕೂಡಲೇ ಆ ವಾಸನೆ ಬಂತು. ಪೆಟ್ರೋಲು, ಸುಟ್ಟ ಆಯಿಲ್ಲು, ಅದರ ಜೊತೆ ಎಂದೋ ಚೆಲ್ಲಿದ ಮಟನ್ ಸಾರಿನ ಘಮ. ಆ ಥರದ ವ್ಯಾನುಗಳಲ್ಲಿ ಇಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಎಷ್ಟೋ ವರ್ಷ ನಾನು ಆ ಬಿಸಿಯ ಮೇಲೆ ಕೂತು ಊರೂರು ತಿರುಗಿದವಳು. "ಅಕ್ಕ, ಇಲ್ಲೇನೋ ಐತೆ ನೋಡಿ" ಅಂತ ಅವನು ಸಂದಿಯಿಂದ ಬಟ್ಟೆ ಸುತ್ತಿದ್ದ ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಕೊಟ್ಟ. ಮರದ ಹಿಡಿ. ಹಿಡಿಯ ತುದಿಯಲ್ಲಿ ಹಲ್ಲಿನ ಗುರುತು... ಯಾರದ್ದು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವರನ್ನು ನಾನು ಗ್ಯಾರೇಜಣ್ಣ ಅಂತಲೇ ಕರೆಯುತ್ತಿದ್ದೆ. ಪಾಂಡವಪುರದ ರೈಲ್ವೇ ಸ್ಟೇಷನ್ ಕಡೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡು, ಮುಂದೊಂದು ಹೊಂಗೆ ಮರ, ಅಷ್ಟೇ ಅವರ ಗ್ಯಾರೇಜು. ನಮ್ಮ ಮನೆಯವರು ಗದ್ದೆ ನೋಡಿಕೊಂಡರೆ ನಾನು ಅಡುಗೆ ಕಂಟ್ರಾಕ್ಟು ಹಿಡಿಯುತ್ತಿದ್ದೆ. ನಾಮಕರಣ, ತಿಥಿ, ಬೀಗರೂಟ, ಏನಿದ್ದರೂ ಸರಿ. ಪಾತ್ರೆ ಪಡಗ ಹೇರಿಕೊಂಡು ಹೋಗಲು ಯಾರೋ ಓಡಿಸಿ ಬಿಟ್ಟಿದ್ದ ವ್ಯಾನು ತಗೊಂಡೆ. ತಗೊಂಡ ತಿಂಗಳಿಗೇ ಅದರ ಗುಣ ಗೊತ್ತಾಯಿತು. ಏರು ಸಿಕ್ಕರೆ ಇಂಜಿನ್ ಬಿಸಿಯೇರುತ್ತಿತ್ತು, ಮಳೆ ಬಂದರೆ ಸ್ಟಾರ್ಟೇ ಆಗುತ್ತಿರಲಿಲ್ಲ, ಪಕ್ಕದ ಜಾರುಬಾಗಿಲು ಹಳಿ ತಪ್ಪಿ ಕೈಗೇ ಬರುತ್ತಿತ್ತು. ಒಂದು ಸಲವಂತೂ ಕೆ.ಆರ್. ಪೇಟೆ ಸಂತೆಯ ಎದುರು ಬಾಗಿಲು ಬಿದ್ದು, ಎರಡು ಕೊಪ್ಪರಿಗೆ ರಸ್ತೆಯಲ್ಲಿ ಉರುಳಿಕೊಂಡು ಹೋದವು.

ಗ್ಯಾರೇಜಿಗೆ ಬರುವವರೆಲ್ಲ ನನ್ನಂಥವರೇ. ಪಾಲಹಳ್ಳಿಯಿಂದ ಸ್ಕೂಲು ಮಕ್ಕಳನ್ನು ಕರೆತರುವ ವ್ಯಾನಿನವರು, ನಾಗಮಂಗಲದ ತೆಂಗಿನಕಾಯಿ ವ್ಯಾಪಾರಿ ಒಬ್ಬರು. ಹೊಂಗೆ ಮರದ ಕೆಳಗೆ ಕೂತು, ಅತ್ತೆಯಂದಿರು ಸೊಸೆಯಂದಿರ ದೂರು ಹೇಳಿಕೊಂಡ ಹಾಗೆ ನಮ್ಮ ನಮ್ಮ ವ್ಯಾನಿನ ದೂರು ಹೇಳಿಕೊಳ್ಳುತ್ತಿದ್ದೆವು.

ಗ್ಯಾರೇಜಣ್ಣನದೊಂದು ಪದ್ಧತಿ ಇತ್ತು. ಗಾಡಿಗೆ ಏನಾಗಿದೆ ಅಂತ ಮಾತಲ್ಲಿ ಹೇಳಿದರೆ ಒಪ್ಪುತ್ತಿರಲಿಲ್ಲ. ಎದುರಿಗೆ ನಿಲ್ಲಿಸಿಕೊಂಡು, "ಸದ್ದು ಮಾಡ್ ತೋರ್ಸು" ಅನ್ನುತ್ತಿದ್ದರು. ಬಾಯಲ್ಲೇ ಮಾಡಬೇಕು. ಕಟಕಟ ಅಂತದೋ, ಕುಯ್ಯ್ ಅಂತದೋ, ಗರ್‍ರ್ ಅಂತದೋ. ಮೀಸೆ ಹೊತ್ತ ಗಂಡಸರೆಲ್ಲ ಅವರ ಮುಂದೆ ತುಟಿ ಉಬ್ಬಿಸಿ ಬುರ್ರ್ ಅನ್ನುವುದನ್ನು ನೋಡಬೇಕಿತ್ತು ನೀವು. ನನಗೆ ಮೊದಲ ದಿನ ನಾಚಿಕೆಯಾಗಿ ಸೆರಗು ಬಾಯಿಗೆ ಇಟ್ಟುಕೊಂಡೆ. "ಸೆರಗು ತೆಗ್ಯವ್ವ, ಅಂಗೆ ಮಾಡಿದ್ರೆ ನಂಗೆ ತಿಳಿಯಾಕಿಲ್ಲ" ಅಂದರು. ನಾನು ಸದ್ದು ಮಾಡುವಷ್ಟು ಹೊತ್ತೂ ನನ್ನ ಬಾಯನ್ನೇ ನೋಡಿದರು. ಆಮೇಲೆ ಈ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತರು. ಎಲ್ಲರೂ ಅದನ್ನು ಅವರ ಕೈಚಳಕ ಅಂತಲೇ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಇಂಜಿನ್ ಓಡಿಸಿ ನೋಡಿ, ನಾನೇ ಆಫ್ ಮಾಡಿ ಇಳಿದು ನೀರು ಕುಡಿಯುತ್ತಿದ್ದೆ. ಅವರು ಬೆನ್ನು ತಿರುಗಿಸಿ ನಟ್ಟು ಬಿಚ್ಚುವ ಪಾನಾ ಹುಡುಕುತ್ತಾ, "ಆಫ್ ಮಾಡ್ಬುಡವ್ವ, ಪೆಟ್ರೋಲ್ ದಂಡ" ಅಂದರು. ಯಾವ ಇಂಜಿನ್ನೂ ಓಡುತ್ತಿರಲಿಲ್ಲ. ಗಾಳಿಗೆ ಹೊಂಗೆ ಎಲೆ ಅಲ್ಲಾಡುವುದು ಕೂಡ ಕೇಳುತ್ತಿತ್ತು. "ಆಗ್ಲೇ ಮಾಡ್ದೆನಲ್ಲಣ್ಣ" ಅಂದೆ. ಅವರು ತಿರುಗಲಿಲ್ಲ. ಇನ್ನೊಂದು ಸಲ ಅಂದೆ. ಆಗಲೂ ತಿರುಗಲಿಲ್ಲ.

ಹತ್ತಿರ ಹೋಗಿ ತೋಳು ಮುಟ್ಟಿದೆ. ನನ್ನ ಮುಖ ನೋಡಿದ್ದೇ ಅವರಿಗೆ ಗೊತ್ತಾಗಿಹೋಯಿತು. ಸ್ಟೂಲಿನ ಮೇಲೆ ಕೂತುಬಿಟ್ಟರು. "ಯಾರ್ಗೂ ಯೋಳ್ಬ್ಯಾಡ ಕಣವ್ವ. ಕಿವಿ ಕೇಳಾಕಿಲ್ಲ ಅಂತ ಗೊತ್ತಾದ್ರೆ ಯಾವನ್ ತತ್ತಾನೆ ಗಾಡಿಯ?" ಅಂದರು. ನಾನು ಗಂಟಲು ಮುಟ್ಟಿಕೊಂಡು ಆಣೆ ಮಾಡಿದೆ. ಅವತ್ತಿನಿಂದ ನಾನು ಅಲ್ಲಿದ್ದಾಗ ಯಾರಾದರೂ ಹಿಂದಿನಿಂದ ಕೂಗಿದರೆ, ಅಣ್ಣನಿಗೆ ಕಾಣುವ ಹಾಗೆ ಕೈ ಆಡಿಸುತ್ತಿದ್ದೆ. ಹೊಸಬರು ಬಂದು ಗೊಣಗಿದರೆ, ನಾನೇ ಅಣ್ಣನೆದುರು ನಿಂತು ಸರಿಯಾಗಿ ಮತ್ತೆ ಹೇಳುತ್ತಿದ್ದೆ. ನಮ್ಮ ಮನೆಯವರು, "ನೀನೇನ್ ಅಡುಗೆ ಮಾಡಾಕ್ ಓಯ್ತೀಯೋ ಗಾಡಿ ರಿಪೇರಿಗ್ ಓಯ್ತೀಯೋ" ಅಂತ ರೇಗಿಸುತ್ತಿದ್ದರು. ಮನೆಯಲ್ಲೂ ಗುಟ್ಟು ಬಿಟ್ಟುಕೊಡಲಿಲ್ಲ.

ಇಷ್ಟೆಲ್ಲ ಗೊತ್ತಿದ್ದವಳು ನಾನೇ ತಪ್ಪು ಮಾಡಿದೆ.

ನಾಗಮಂಗಲದ ಕಡೆ ಒಂದು ಬೀಗರೂಟಕ್ಕೆ ಒಪ್ಪಿಕೊಂಡಿದ್ದೆ. ಹಿಂದಿನ ದಿನ ವ್ಯಾನಿನಲ್ಲಿ ಏನೋ ಸದ್ದು. ಅವಸರವಾಗಿ ಗ್ಯಾರೇಜಿಗೆ ಹೋಗಿ, ಮಸಾಲೆ ಮೂಟೆ ಸರಿಯಾಗಿ ಜೋಡಿಸುತ್ತಾ, ವ್ಯಾನಿನೊಳಗೆ ತಲೆ ಹಾಕಿಕೊಂಡೇ "ಗರ್‍ರ್ ಅಂತದಣ್ಣ" ಅಂದೆ. "ಸದ್ದು ಮಾಡವ್ವ" ಅಂತ ಎರಡು ಸಲ ಕೇಳಿದರು. "ಮಾಡಿದ್ನಲ್ಲ, ಬೇಗ ನೋಡಿ, ಬೆಲ್ಟೇ ಇರ್ಬೇಕು" ಅಂತ ಕೈಯಲ್ಲಿ ಬೆಲ್ಟು ತೋರಿಸಿಬಿಟ್ಟೆ. ಕುಯ್ಯ್ ಅಂದರೆ ಬೆಲ್ಟು, ಗರ್‍ರ್ ಅಂದರೆ ವಾಟರ್ ಪಂಪಿನ ಬೇರಿಂಗು. ಅವರೇ ನನಗೆ ಕಲಿಸಿದ್ದು. ಸ್ಕ್ರೂಡ್ರೈವರ್ ಹಿಡಿದು ನೋಡುವುದಕ್ಕೂ ಬಿಡದೆ ಬೆಲ್ಟು ಹಾಕಿಸಿಕೊಂಡು ಬಂದೆ.

ಮಾರನೇ ದಿನ ಜಕ್ಕನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಇಂಜಿನ್ ಕಾದು, ಹೊಗೆ ಎದ್ದು, ವ್ಯಾನು ನಿಂತಿತು. ಒಳಗೆ ಇನ್ನೂರು ಜನರ ಸಾರು. ಟ್ರಾಕ್ಟರು ಸಿಕ್ಕಿ ನಾವು ಅಲ್ಲಿ ಮುಟ್ಟುವಷ್ಟರಲ್ಲಿ ಬೀಗರು ಮುನಿಸಿಕೊಂಡು ಎದ್ದು ಹೋಗಿದ್ದರು. ಹೆಣ್ಣಿನ ತಂದೆ ಹಾಕಿದ್ದ ಎಲೆಗಳನ್ನು ತಾವೇ ಮಡಚಿ ಎತ್ತುತ್ತಿದ್ದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ನನ್ನ ಬಾಯಿ ಜೋರು, ಊರಿಗೆಲ್ಲ ಗೊತ್ತು. ಬೆಳಗ್ಗೆಯೇ ವ್ಯಾನು ಎಳೆಸಿಕೊಂಡು ಗ್ಯಾರೇಜಿಗೆ ಹೋದೆ. ಮರದ ಕೆಳಗೆ ಐದಾರು ಜನ ಇದ್ದರು. ಎಲ್ಲರ ಎದುರೇ, ಅವರ ಮುಖಕ್ಕೆ ಮುಖ ಕೊಟ್ಟು, ಒಂದೊಂದು ಅಕ್ಷರವೂ ತಿಳಿಯುವ ಹಾಗೆ, "ಕಿವಿ ಕೇಳ್ದೆ ಇರೋರ ಕೈಗೆ ಗಾಡಿ ಕೊಟ್ನಲ್ಲ, ನನ್ನ ಬುದ್ಧಿಗಿಷ್ಟು" ಅಂದುಬಿಟ್ಟೆ.

ಅವರು ಪಾನಾ ಎತ್ತಿಕೊಂಡರು. ವಾಟರ್ ಪಂಪು ಬಿಚ್ಚಿ ಹೊಸದು ಹಾಕಿಕೊಟ್ಟರು.

ಅವತ್ತಿನಿಂದಲೇ ಶುರುವಾಯಿತು. ಜನ ಅವರ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿದರು, ಹಾರನ್ ಹೊಡೆದು ನೋಡಿದರು. ಸ್ಕೂಲು ವ್ಯಾನಿನವರು, ಮಕ್ಕಳ ವಿಚಾರ ನೋಡಿ ಅಂತ ಶ್ರೀರಂಗಪಟ್ಟಣದ ವರ್ಕ್‌ಶಾಪಿಗೆ ಹೋದರು. ತೆಂಗಿನಕಾಯಿಯವರೂ ಬರುವುದು ಬಿಟ್ಟರು. ಕೊನೆಗೆ ಮರದ ಕೆಳಗೆ ನನ್ನ ವ್ಯಾನು ಒಂದೇ. ನನಗೂ ಅವರು ಸದ್ದು ಮಾಡು ಅಂತ ಮತ್ತೆ ಕೇಳಲಿಲ್ಲ. ಸುಮ್ಮನೆ ಬಂದು ಹಿಡಿ ಕಚ್ಚಿ ನಿಲ್ಲುತ್ತಿದ್ದರು.

ಕೊನೇ ಸಲ ಹೋದಾಗ ಅವರು ಇಂಜಿನ್ ಮೇಲೆ ಬಗ್ಗಿದ್ದರು. ನಾನು ಹಿಂದೆ ನಿಂತು, "ತಪ್ಪಾಯ್ತು ಕಣಣ್ಣ" ಅಂದೆ. ಬೆನ್ನಿಗೆ ಹೇಳಿದರೆ ಕೇಳುವುದಿಲ್ಲ ಅಂತ ಗೊತ್ತಿದ್ದೇ ಹಾಗೆ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ, ಇದು ಸತ್ಯ. ಆ ತಿಂಗಳೇ ಶೆಡ್ಡು ಮುಚ್ಚಿ ಬೂಕನಕೆರೆಯಲ್ಲಿದ್ದ ಮಗಳ ಮನೆಗೆ ಹೋದರು. ನಾನು ಹೊಸ ಗಾಡಿ ತಗೊಂಡೆ, ಹಳೆಯದನ್ನು ಮನೆ ಹಿಂದೆ ನಿಲ್ಲಿಸಿದೆ. ಕೆ.ಆರ್. ಪೇಟೆ ಕಡೆ ಅಡುಗೆಗೆ ಹೋದಾಗಲೆಲ್ಲ ಬೂಕನಕೆರೆಗೆ ಹೋಗಿ ಬರೋಣ ಅಂದುಕೊಳ್ಳುತ್ತಿದ್ದೆ. ಮುಂದಿನ ಸಲ, ಮುಂದಿನ ಸಲ... ಅಷ್ಟರಲ್ಲಿ ಅವರು ತೀರಿಹೋದರು ಅನ್ನುವ ಸುದ್ದಿ ಬಂತು.

ತಮ್ಮ ಸಾಮಾನಿನಲ್ಲಿ ಒಂದು ನಟ್ಟು ಕಾಣದಿದ್ದರೂ ಗ್ಯಾರೇಜನ್ನೆಲ್ಲ ಜಾಲಾಡುತ್ತಿದ್ದವರು ಅವರು. ಬಟ್ಟೆ ಸುತ್ತಿ ನನ್ನ ಸೀಟಿನ ಕೆಳಗೆ ಇದನ್ನು ಮರೆತು ಹೋದರೋ, ಇಟ್ಟು ಹೋದರೋ... ಕೇಳೋಣ ಅಂದರೆ ಯಾರಿದ್ದಾರೆ?

ಇಂಜಿನ್ ನೋಡಲು ಗುಜರಿಯವನೇ ಬ್ಯಾಟರಿ, ಒಂದಿಷ್ಟು ಪೆಟ್ರೋಲು ತಂದಿದ್ದ. "ಒಂದ್ಸಲ ಸ್ಟಾರ್ಟ್ ಮಾಡಪ್ಪ" ಅಂದೆ. ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಅವರ ಹಲ್ಲಿನ ಗುರುತಿನ ಮೇಲೇ ಹಲ್ಲಿಟ್ಟು ಕಣ್ಣು ಮುಚ್ಚಿದೆ. ಇಡೀ ತಲೆಯೊಳಗೆ ಸದ್ದು ತುಂಬಿಕೊಂಡಿತು. ಎಲ್ಲಾ ಕೇಳುತ್ತಿತ್ತು. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದವರನ್ನು ನಾನು ಏನಂದುಬಿಟ್ಟೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ತಲೆಯೊಳಗೆ ಸದ್ದು ಓಡುತ್ತಲೇ ಇತ್ತು, ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ.

"ಸಾಕು, ಆಫ್ ಮಾಡಪ್ಪ" ಅಂದೆ.

"ಆಫ್ ಮಾಡಿ ಎಷ್ಟೊತ್ತಾಯ್ತು ಅಕ್ಕ" ಅಂದ ಅವನು.