ತಂಗಿ ಮನೆಯ ಮುಡಿ ಹರಕೆ

ಗೋಪಾಳದ ನಮ್ಮ ಮನೆಯಲ್ಲಿ ಅವರೆಕಾಳು ಹಿಚುಕುತ್ತಾ ಕೂತಿದ್ದಾಗ ಭದ್ರಾವತಿಯಿಂದ ತಂಗಿಯ ಫೋನು ಬಂತು. ಕಾಲೇಜಿಗೆ ಹೋಗುವ ಮಗಳು ಸೊಂಟದುದ್ದದ ಜಡೆ ತೆಗೆಸಿ, ತಲೆ ಬೋಳಿಸಿಕೊಂಡು ಬಂದಿದ್ದಾಳೆ ಎಂದು ಅಳುತ್ತಿದ್ದಳು. ಕಾಳನ್ನು ಹಾಗೇ ಮುಚ್ಚಿಟ್ಟು ಬಸ್ ಹತ್ತಿದೆ.

ಹೋಗಿ ನೋಡಿದರೆ ಮನೆ ತುಂಬ ಹೆಂಗಸರು. ಪಕ್ಕದ ಮನೆಯ ಸೆಲ್ವಿ, ದೇವರಿಗೆ ಮುಡಿ ಕೊಟ್ಟಿದ್ದಾರೆಂದೇ ತಿಳಿದು ಗಂಧ ತೇಯ್ದು ತಂದು ಬೋಳುತಲೆಗೆಲ್ಲ ಮೆತ್ತಿದ್ದಳು. ಮಿಕ್ಕವರು ಪ್ರಸಾದ ಕೇಳುತ್ತಿದ್ದರು. ಬೇರೆ ದಾರಿ ಕಾಣದೆ ತಂಗಿ ಸಕ್ಕರೆ ಹಂಚುತ್ತಿದ್ದಳು.

ಮಗು ನನ್ನನ್ನು ಒಳಕೋಣೆಗೆ ಕರೆಯಿತು. "ದೊಡ್ಡಮ್ಮ, ನನ್ನನ್ನ ಹುಡುಗಿ ಅಂದ್ರೆ ಬೇರೆ ಯಾರನ್ನೋ ಅಂದ ಹಾಗಿರುತ್ತೆ. ಕನ್ನಡೀಲೂ ಇಷ್ಟು ವರ್ಷ ಬೇರೆ ಯಾರೋ ಕಾಣ್ತಿದ್ರು. ಇವತ್ತು ನಾನು ಕಂಡೆ. ಮತ್ತೆ ಕೂದಲು ಬೆಳೆಸು ಅಂತ ಮಾತ್ರ ಅನ್ಬೇಡಿ." ಗಂಧ ಹಣೆಗೆ ಇಳಿಯುತ್ತಿತ್ತು. ಆದರೂ ಅಷ್ಟು ನಿರಾಳವಾದ ಮುಖವನ್ನು ಆ ಮಗುವಿನಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ಹೊರಗೆ ಬಂದೊಡನೆ ಸೆಲ್ವಿ ಕೇಳಿದಳು, "ಮತ್ತೆ ಜಡೆ ಬರೋಕೆ ಎಷ್ಟು ದಿನ ಆಗ್ಬೋದಕ್ಕ?" ತಂಗಿಯ ಮುಖ ಬಿಳಿಚಿತು. ದಿನಾ ದೀಪ ಹಚ್ಚುವ ನನ್ನ ಬಾಯಿಂದಲೇ ಸುಳ್ಳು ಸಲೀಸಾಗಿ ಬಂತು. "ಇದು ತಿಂಗಳು ತಿಂಗಳೂ ಕೊಡೋ ಹರಕೆ ಕಣೆ."

ನಿನ್ನೆ ತಂಗಿ ಮತ್ತೆ ಫೋನು ಮಾಡಿದ್ದಳು. ಸೆಲ್ವಿ ಗಂಧದ ಬಟ್ಟಲು ಹಿಡಿದು ಬಂದು, "ತಿಂಗಳಾಯ್ತು, ಹರಕೆ ಮರೆತ್ರಾ?" ಎಂದು ಗದರಿದಳಂತೆ. ಮಗುವನ್ನು ಕಟಿಂಗ್ ಶಾಪಿಗೆ ತಂಗಿಯೇ ಕರೆದುಕೊಂಡು ಹೋದಳಂತೆ. ನಾನು ದೇವರ ಮುಂದೆ ತಪ್ಪುಕಾಣಿಕೆ ಇಟ್ಟು, ದೋಸೆಗೆ ಅಕ್ಕಿ ನೆನೆಹಾಕಲು ಎದ್ದೆ.